ಹೆಸರಿನ ಕಳವು: ರೈತನಿಗಾಗುವ ನಷ್ಟ, ಮನಸ್ಸಿನ ಪೆಟ್ಟು ಮತ್ತು ಹತೋಟಿ ಕ್ರಮಗಳು

ಕಬ್ಬಿನ ಬೇರನ್ನು ಗೊಣ್ಣೆ ಹುಳು ತಿನ್ನಲು ಹತ್ತಿದಾಗ ಮೇಲಿನ ಎಲೆ ಕೆಲವು ದಿನ ಹಸಿರಾಗಿಯೇ ಇರುತ್ತದೆ. ಎಲೆ ಹಳದಿಯಾಗಿ, ಕೈಯಿಂದ ಜಗ್ಗಿದರೆ ಗುಣಿಯೇ ಕಿತ್ತು ಬರುವ ಹೊತ್ತಿಗೆ ಅರ್ಧ ಹಾನಿ ಆಗಿ ಹೋಗಿರುತ್ತದೆ. ರೈತನ ಹೆಸರು, ಆಧಾರ್ ಸಂಖ್ಯೆ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಅನ್ಯರ ಕೈ ಸೇರಿದಾಗಲೂ ಹೀಗೆಯೇ ಆಗುತ್ತದೆ. ಮೊದಲ ದಿನಗಳಲ್ಲಿ ಏನೂ ಕಾಣುವುದಿಲ್ಲ. ತಿಂಗಳುಗಳ ಮೇಲೆ ಬೆಳೆ ಸಾಲ ಕೇಳಲು ಹೋದಾಗ “ನಿಮ್ಮ ಹೆಸರಿನಲ್ಲಿ ಹಳೆಯ ಬಾಕಿ ಇದೆ” ಎಂಬ ಮಾತು ಕಿವಿಗೆ ಬೀಳುತ್ತದೆ.

ಹಣ ಕಳೆದುಕೊಂಡವನ ಕಷ್ಟ ಎಲ್ಲರಿಗೂ ತಿಳಿಯುತ್ತದೆ. ಹೆಸರು ಕಳೆದುಕೊಂಡವನ ಕಷ್ಟ ಅಷ್ಟು ಬೇಗ ತಿಳಿಯುವುದಿಲ್ಲ. ತಾನು ಮಾಡದ ಸಾಲವನ್ನು ತಾನು ಮಾಡಿಲ್ಲವೆಂದು ಸಿದ್ಧಪಡಿಸುವ ಹೊರೆ ಅವನ ತಲೆಯ ಮೇಲೆಯೇ ಬೀಳುತ್ತದೆ. ಈ ಹೊರೆ ಯಾವ ಬಗೆಯದು, ಅದನ್ನು ಹಗುರ ಮಾಡಿಕೊಳ್ಳುವ ದಾರಿ ಯಾವುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹೆಸರಿನ ಕಳವು ಎಂದರೇನು?

ಒಬ್ಬನ ಗುರುತನ್ನು ಇನ್ನೊಬ್ಬನು ಮೋಸದಿಂದ ಬಳಸಿ ಹಣ, ಸಾಲ, ಸಿಮ್ ಅಥವಾ ಸರ್ಕಾರಿ ಸವಲತ್ತು ಪಡೆಯುವುದೇ ಹೆಸರಿನ ಕಳವು. ಗುರುತು ಎಂದರೆ ಕೇವಲ ಹೆಸರಲ್ಲ. ಸಹಿ, ಬೆರಳಚ್ಚು, ಆಧಾರ್ ಸಂಖ್ಯೆ, ಪಾಸ್ ಬುಕ್ಕಿನ ಸಂಖ್ಯೆ, ಫೋನಿಗೆ ಬರುವ ಒ.ಟಿ.ಪಿ. ಇವೆಲ್ಲವೂ ಅದರಲ್ಲಿ ಸೇರುತ್ತವೆ.

ಇದು ಶಿಕ್ಷಾರ್ಹ ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ಕ್ಕೆ 2008ರಲ್ಲಿ ಮಾಡಿದ ತಿದ್ದುಪಡಿಯಿಂದ 66-ಸಿ ಕಲಂ ಸೇರಿತು. ಇನ್ನೊಬ್ಬರ ವಿದ್ಯುನ್ಮಾನ ಸಹಿ, ಗುಪ್ತಪದ ಅಥವಾ ಅಂಥ ಗುರುತನ್ನು ಮೋಸದಿಂದ ಬಳಸಿದವರಿಗೆ ಈ ಕಲಮಿನ ಪ್ರಕಾರ 3 ವರ್ಷದವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 319ನೆಯ ಕಲಮಿನ ಪ್ರಕಾರ, ಬೇರೆಯವನಂತೆ ನಟಿಸಿ ವಂಚಿಸಿದವರಿಗೆ 5 ವರ್ಷದವರೆಗೆ ಸೆರೆವಾಸ ಆಗಬಹುದು.

ನಮ್ಮ ಭಾಗದ ರೈತನ ಕಾಗದಗಳು ಎಲ್ಲೆಲ್ಲಿ ತಿರುಗುತ್ತವೆ?

ಘಟಪ್ರಭಾ ಮತ್ತು ಕೃಷ್ಣಾ ನದಿಗಳ ನೀರು ಕಂಡ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಕಬ್ಬೇ ಮುಖ್ಯ ಬೆಳೆ. ಸಮೀರವಾಡಿಯ ಸುತ್ತಿನ ರೈತನೊಬ್ಬನು ಒಂದು ವರ್ಷದಲ್ಲಿ ಎಷ್ಟು ಕಡೆ ತನ್ನ ಕಾಗದ ಕೊಡುತ್ತಾನೆಂಬುದನ್ನು ಎಣಿಸಿ ನೋಡಬೇಕು. ಕಾರ್ಖಾನೆಯಲ್ಲಿ ಕಬ್ಬಿನ ನೋಂದಣಿಗೆ, ಬಿಲ್ಲಿನ ಹಣ ಜಮೆಗೆ, ಸಹಕಾರಿ ಸಂಘದಲ್ಲಿ ಬೆಳೆ ಸಾಲಕ್ಕೆ, ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಸಂಖ್ಯೆಗೆ, ಪಿ.ಎಂ. ಕಿಸಾನ್ ಹಣಕ್ಕೆ, ಬೆಳೆ ವಿಮೆಗೆ, ಹನಿ ನೀರಾವರಿ ಸಹಾಯಧನಕ್ಕೆ ಹೀಗೆ ಎಲ್ಲಕ್ಕೂ ಉತಾರ, ಆಧಾರ್, ಪಾಸ್ ಬುಕ್ಕಿನ ಝೆರಾಕ್ಸ್ ಮತ್ತು ಎರಡು ಫೋಟೋ ಬೇಕು.

ಇವೆಲ್ಲ ಅಗತ್ಯವಾದ ಕೆಲಸಗಳೇ. ಕೊಡುವುದಿಲ್ಲವೆಂದರೆ ವ್ಯವಹಾರ ನಡೆಯುವುದಿಲ್ಲ. ಆದರೆ ಝೆರಾಕ್ಸ್ ಅಂಗಡಿಯಲ್ಲಿ ಬಿಟ್ಟುಬಂದ ಹೆಚ್ಚಿನ ಪ್ರತಿ, ಪರಿಚಯದವನೆಂದು ವಾಟ್ಸಾಪಿನಲ್ಲಿ ಕಳಿಸಿದ ಫೋಟೋ, “ಆಮೇಲೆ ತುಂಬಿಕೊಳ್ಳುತ್ತೇನೆ” ಎಂದವನ ಮಾತು ನಂಬಿ ಸಹಿ ಮಾಡಿದ ಖಾಲಿ ಫಾರಂ, ಇವು ಯಾರ ಕೈ ಸೇರುತ್ತವೆಂದು ಹೇಳಲಾಗುವುದಿಲ್ಲ. ಮೋಸಕ್ಕೆ ಬೀಜ ಬೀಳುವುದು ಇಲ್ಲಿಯೇ.

ನಡೆದುಹೋದ ಕೆಲವು ಪ್ರಕರಣಗಳು

ಕಬ್ಬು ಬೆಳೆಗಾರರು ಮೊದಲು ತಿಳಿಯಬೇಕಾದದ್ದು ನೆರೆಯ ಮಹಾರಾಷ್ಟ್ರದ ಪರಭಣಿ ಜಿಲ್ಲೆಯ ಗಂಗಾಖೇಡದ ಪ್ರಕರಣ. ಅಲ್ಲಿಯ ಸಾವಿರಾರು ರೈತರ ಹೆಸರಿನಲ್ಲಿ, ಅವರಿಗೆ ತಿಳಿಯದಂತೆ, ಕಬ್ಬಿನ ಕಟಾವು ಮತ್ತು ಸಾಗಣೆಯ ಸಾಲವೆಂದು ಹಲವು ಬ್ಯಾಂಕುಗಳಿಂದ ಸುಮಾರು 328 ಕೋಟಿ ರೂಪಾಯಿ ಎತ್ತಲಾಗಿದೆ ಎಂಬ ಆರೋಪದ ಮೇಲೆ 2017ರ ಜುಲೈ ತಿಂಗಳಲ್ಲಿ ಪೊಲೀಸ್ ಮೊಕದ್ದಮೆ ದಾಖಲಾಯಿತು. ಬ್ಯಾಂಕಿನ ನೋಟೀಸು ಮನೆಗೆ ಬಂದಾಗಲೇ ರೈತರಿಗೆ ತಮ್ಮ ಮೇಲೆ ಸಾಲ ಇರುವುದು ಗೊತ್ತಾಯಿತು. 2020ರ ಡಿಸೆಂಬರಿನಲ್ಲಿ ಜಾರಿ ನಿರ್ದೇಶನಾಲಯವು ಈ ಸಂಬಂಧ ಸುಮಾರು 255 ಕೋಟಿ ರೂಪಾಯಿಯ ಆಸ್ತಿಯನ್ನು ಜಪ್ತು ಮಾಡಿತು. ತಪ್ಪು ಯಾರದೆಂಬುದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ನಾವು ಗಮನಿಸಬೇಕಾದದ್ದು ಇಷ್ಟೇ: ಒಂದು ಕೆಲಸಕ್ಕೆಂದು ಕೊಟ್ಟ ಕಾಗದ ಇನ್ನೊಂದು ಕೆಲಸಕ್ಕೆ ಬಳಕೆಯಾದರೆ ರೈತನಿಗೆ ಅದು ತಿಳಿಯುವ ದಾರಿ ಬಹಳ ಕಡಿಮೆ.

ನಮ್ಮ ರಾಜ್ಯದಲ್ಲಿಯೇ 2023ರಲ್ಲಿ ಇನ್ನೊಂದು ಬಗೆಯ ಕಳವು ಬೆಳಕಿಗೆ ಬಂತು. ಮಂಗಳೂರು ಮತ್ತು ಬೆಂಗಳೂರಿನ ಕಡೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಬ್ಯಾಂಕ್ ಖಾತೆಯಿಂದ ಹಣ ಹೋಯಿತು. ಅವರು ಯಾರಿಗೂ ಒ.ಟಿ.ಪಿ. ಹೇಳಿರಲಿಲ್ಲ. ನೋಂದಾಯಿತ ದಸ್ತಾವೇಜಿನಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ತೆಗೆದು, ಅಚ್ಚು ಮಾಡಿ, ಆಧಾರ್ ಆಧಾರಿತ ಪಾವತಿ ಯಂತ್ರದಲ್ಲಿ ಬಳಸಿದ್ದು ಪೊಲೀಸರ ತನಿಖೆಯಲ್ಲಿ ಕಂಡುಬಂತು. ಈ ಪಾವತಿ ಕ್ರಮದಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಸಾಕು, ಒ.ಟಿ.ಪಿ. ಬೇಕಾಗುವುದಿಲ್ಲ. ದೂರುಗಳು ಹೆಚ್ಚಿದ ಮೇಲೆ ದಸ್ತಾವೇಜುಗಳಲ್ಲಿನ ಬೆರಳಚ್ಚನ್ನು ಮರೆಮಾಡುವ ಕ್ರಮವನ್ನು ಇಲಾಖೆ ಕೈಗೊಂಡಿತು.

ಮೂರನೆಯ ಬಗೆ ನಂಬಿಕೆಯ ಮೂಲಕ ಆಗುವಂಥದು. ಪಕ್ಕದ ಬೆಳಗಾವಿ ಜಿಲ್ಲೆಯಲ್ಲಿ, ಸಹಾಯಧನ ಸಿಗುತ್ತದೆಂದು ಹೇಳಿ ತಮ್ಮ ಹೆಸರಿನಲ್ಲಿ ಸಣ್ಣ ಸಾಲ ತೆಗೆಸಿ ಹಣವನ್ನು ಮಧ್ಯವರ್ತಿಗಳು ಕೊಂಡೊಯ್ದರೆಂದು 2024-25ರಲ್ಲಿ ಅನೇಕ ಮಹಿಳೆಯರು ದೂರಿದರು. ಇಲ್ಲಿ ಸಹಿ ಅವರದೇ, ಬೆರಳೂ ಅವರದೇ. ಹಣ ಮಾತ್ರ ಅವರದಲ್ಲ. ಇಂಥ ಪ್ರಕರಣದಲ್ಲಿ ತಾನು ಮೋಸ ಹೋದೆನೆಂದು ತೋರಿಸಿಕೊಡುವುದು ಎಲ್ಲಕ್ಕಿಂತ ಕಠಿಣ.

ಹಣದ ನಷ್ಟ ಎಷ್ಟು?

ಕಳ್ಳನು ಒಯ್ದ ಮೊತ್ತವೊಂದೇ ನಷ್ಟವಲ್ಲ. ಒಂದು ಉದಾಹರಣೆಯ ಲೆಕ್ಕದಿಂದ ಇದನ್ನು ತಿಳಿಯಬಹುದು. ನಾಲ್ಕು ಎಕರೆ ಕಬ್ಬಿನ ರೈತನೊಬ್ಬನ ಹೆಸರಿನಲ್ಲಿ ಯಾರೋ ಸಾಲ ತೆಗೆದು ತೀರಿಸದೆ ಬಿಟ್ಟರೆಂದು ಇಟ್ಟುಕೊಳ್ಳೋಣ. ಅವನ ಹೆಸರು ಸುಸ್ತಿದಾರರ ಪಟ್ಟಿಗೆ ಸೇರುತ್ತದೆ. ವೇಳೆಗೆ ಸರಿಯಾಗಿ ತೀರಿಸುವ ರೈತರಿಗೆ ಸಹಕಾರಿ ಸಂಘದಲ್ಲಿ ಸಿಗುವ ಬಡ್ಡಿಯಿಲ್ಲದ ಬೆಳೆ ಸಾಲಕ್ಕೆ ಅವನಿಗೆ ತಡೆ ಬೀಳಬಹುದು. ಗೊಬ್ಬರ, ಬೀಜದ ಕಬ್ಬು, ಕೂಲಿಗೆ 1 ಲಕ್ಷ ರೂಪಾಯಿಯನ್ನು ಅವನು ಖಾಸಗಿಯವರಿಂದ ತಿಂಗಳಿಗೆ ನೂರಕ್ಕೆ 3ರಂತೆ ತಂದರೆ ಒಂದು ವರ್ಷದ ಬಡ್ಡಿ 36,000 ರೂಪಾಯಿ.

ಇನ್ನು ಓಡಾಟದ ಖರ್ಚು. ಬ್ಯಾಂಕು, ಪೊಲೀಸ್ ಠಾಣೆ, ತಹಸೀಲ್ದಾರ ಕಚೇರಿ, ವಕೀಲರು ಎಂದು 15 ಸಲ ಹೋಗಬೇಕಾಯಿತೆಂದರೆ, ಸಲಕ್ಕೆ ಬಸ್ಸು ಮತ್ತು ಊಟಕ್ಕೆ 200, ತಪ್ಪಿದ ದಿನದ ಕೂಲಿ 500 ಎಂದು ಹಿಡಿದರೂ 10,500 ರೂಪಾಯಿ ಆಗುತ್ತದೆ. ಎರಡೂ ಸೇರಿ 46,500 ರೂಪಾಯಿ. ಕಳ್ಳನ ಸಾಲದ ಒಂದು ಪೈಸೆಯನ್ನೂ ತುಂಬದೆ ಆದ ಖರ್ಚು ಇದು. ಗೊಬ್ಬರ ತಡವಾಗಿ ಬಿದ್ದು ಕಡಿಮೆಯಾದ ಇಳುವರಿ, ತಡವಾದ ನಾಟಿ, ಮಗಳ ಕಾಲೇಜು ಫೀಗೆ ಮಾರಿದ ಎಮ್ಮೆ, ಇವು ಯಾವ ದೂರಿನ ಅರ್ಜಿಯಲ್ಲಿಯೂ ಬರುವುದಿಲ್ಲ.

ಜಾಮೀನಿನ ವಿಷಯವನ್ನೂ ಮರೆಯಬಾರದು. ಸುಸ್ತಿಯಾದವನು ಬೇರೆಯವರಿಗೆ ಜಾಮೀನು ನಿಲ್ಲಲಾರ, ಅವನಿಗೆ ನಿಲ್ಲಲು ಬೇರೆಯವರು ಮುಂದೆ ಬರಲಾರರು. ಒಬ್ಬನ ಹೆಸರು ಕೆಟ್ಟರೆ ಅಣ್ಣತಮ್ಮಂದಿರ, ಬೀಗರ ವ್ಯವಹಾರಕ್ಕೂ ತೊಡಕಾಗುತ್ತದೆ.

ಮನಸ್ಸಿಗೆ ಬೀಳುವ ಪೆಟ್ಟು

ನಮ್ಮ ಹಳ್ಳಿಗಳಲ್ಲಿ ಸಾಲ ಮಾಡುವುದು ಅವಮಾನವಲ್ಲ, ಸಾಲ ಮುಳುಗಿಸುವುದು ಅವಮಾನ. ಆದ್ದರಿಂದಲೇ ನೋಟೀಸು ಬಂದ ಮನೆಯಲ್ಲಿ ಮೊದಲು ಹುಟ್ಟುವುದು ನಾಚಿಕೆ. ಎರಡನೆಯದು ಸಂಶಯ. ಮಗನೇ ತೆಗೆದನೇ, ಅಳಿಯನೇ ಸಹಿ ಮಾಡಿದನೇ ಎಂದು ಮನೆಯವರು ಒಬ್ಬರನ್ನೊಬ್ಬರು ಅನುಮಾನಿಸುತ್ತಾರೆ. ಕೆಲವು ಸಲ ಆ ಅನುಮಾನ ನಿಜವೂ ಆಗುತ್ತದೆ. ಆಗ ದೂರು ಕೊಟ್ಟರೆ ಸಂಬಂಧ ಹೋಗುತ್ತದೆ, ಕೊಡದಿದ್ದರೆ ಹೊಲ ಹೋಗುತ್ತದೆ ಎಂಬ ಇಕ್ಕಟ್ಟಿನಲ್ಲಿ ಹಿರಿಯರು ಒಳಗೊಳಗೇ ಕುದಿಯುತ್ತಾರೆ. ಮೂರನೆಯದು ಭಯ. ವಸೂಲಿಯವರ ಫೋನು ಬಂದಾಗಲೆಲ್ಲ ಎದೆ ಬಡಿದುಕೊಳ್ಳುವುದು, ನಿದ್ರೆ ಬಾರದಿರುವುದು, ಊಟ ಸೇರದಿರುವುದು, ಜನರ ನಡುವೆ ಹೋಗಲು ಹಿಂಜರಿಯುವುದು, ಸಣ್ಣ ಮಾತಿಗೆ ಸಿಟ್ಟು ಬರುವುದು ಇದರ ಗುರುತುಗಳು.

ಹೆಸರು ಕಳೆದುಕೊಂಡವನ ಸಂಕಟ ಎಷ್ಟು ಉದ್ದವಾಗಬಹುದೆಂಬುದಕ್ಕೆ ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿ ಎಂಬ ರೈತರ ಜೀವನವೇ ಸಾಕ್ಷಿ. ಅವರ ಪಾಲಿನ ಹೊಲದ ಆಸೆಗೆ ಸಂಬಂಧಿಕರು ದಾಖಲೆಯಲ್ಲಿ ಅವರು ತೀರಿಕೊಂಡರೆಂದು ಬರೆಸಿದ್ದರು. ಬ್ಯಾಂಕ್ ಸಾಲಕ್ಕಾಗಿ ಗುರುತಿನ ಕಾಗದ ಕೇಳಲು ಹೋದಾಗಲೇ ಅವರಿಗೆ ತಾವು “ಸತ್ತ” ಸಂಗತಿ ತಿಳಿದದ್ದು. 1975ರಿಂದ 1994ರವರೆಗೆ, ಸುಮಾರು 19 ವರ್ಷ, ಬದುಕಿರುವ ಆ ಮನುಷ್ಯ ಸರ್ಕಾರದ ಲೆಕ್ಕದಲ್ಲಿ ಇರಲಿಲ್ಲ. ತಾವು ಬದುಕಿದ್ದೇವೆಂದು ತೋರಿಸಲು ಅವರು ಚುನಾವಣೆಗೂ ನಿಂತರು. ತಮ್ಮಂತೆಯೇ ದಾಖಲೆಯಲ್ಲಿ ಸತ್ತ ಅನೇಕರನ್ನು ಕೂಡಿಸಿ “ಮೃತಕ ಸಂಘ” ಕಟ್ಟಿದರು. ಒಬ್ಬರೇ ಕಚೇರಿಗೆ ಅಲೆಯುವಾಗ ಕೇಳದ ಮಾತನ್ನು, ಹತ್ತು ಜನ ಕೂಡಿ ಹೇಳಿದಾಗ ಜನ ಕೇಳಿದರು.

ಇದು ಬಡವರ ಅಥವಾ ಓದು ಬಾರದವರ ಕಷ್ಟವೆಂದು ತಿಳಿಯಬಾರದು. ಅಮೆರಿಕದ ಸರ್ಕಾರಿ ಅಂಕಿಸಂಖ್ಯೆಗಳ ಪ್ರಕಾರ 2021ರಲ್ಲಿ ಅಲ್ಲಿ ಸುಮಾರು 2 ಕೋಟಿ 39 ಲಕ್ಷ ಜನರು ಹೆಸರಿನ ಕಳವಿಗೆ ಗುರಿಯಾಗಿದ್ದರು. ಮೋಸ ಹೋದದ್ದು ದಡ್ಡತನದ ಗುರುತಲ್ಲ. ಕಳ್ಳನು ಮಾಡಿದ ತಪ್ಪಿಗೆ ಕಳೆದುಕೊಂಡವನು ತಲೆ ತಗ್ಗಿಸಬೇಕಾಗಿಲ್ಲ. ನಾಚಿಕೆಯಿಂದ ಸುಮ್ಮನಿದ್ದ ಒಂದೊಂದು ದಿನವೂ ಕಳ್ಳನಿಗೆ ಲಾಭ.

ಕಳವಿನ ಲಕ್ಷಣಗಳು

ಕೆಳಗಿನ ಯಾವುದೊಂದು ಕಂಡರೂ ಕೂಡಲೇ ವಿಚಾರಿಸಬೇಕು.

1. ನೀವು ಮಾಡದ ವ್ಯವಹಾರದ ಸಂದೇಶ ಫೋನಿಗೆ ಬರುವುದು, ಅಥವಾ ಬರುತ್ತಿದ್ದ ಸಂದೇಶಗಳು ಏಕಾಏಕಿ ನಿಲ್ಲುವುದು.
2. ಕಾರಣವಿಲ್ಲದೆ ಸಿಮ್ ಕೆಲಸ ನಿಲ್ಲಿಸುವುದು.
3. ಪಹಣಿಯ 11ನೆಯ ಕಾಲಮಿನಲ್ಲಿ ನಿಮಗೆ ತಿಳಿಯದ ಬ್ಯಾಂಕಿನ ಅಥವಾ ಸಂಘದ ಸಾಲ ಕಾಣಿಸುವುದು.
4. ಗುರುತಿಲ್ಲದ ಸಂಸ್ಥೆಯಿಂದ ಕಂತು ಕೇಳುವ ಫೋನು ಅಥವಾ ನೋಟೀಸು ಬರುವುದು.
5. ಬರಬೇಕಾದ ಪಿ.ಎಂ. ಕಿಸಾನ್, ವಿಮೆ ಅಥವಾ ಸಹಾಯಧನ “ಈಗಾಗಲೇ ಜಮೆಯಾಗಿದೆ” ಎಂದು ಕಚೇರಿಯಲ್ಲಿ ಹೇಳುವುದು.

ಮುನ್ನೆಚ್ಚರಿಕೆಯ ಕ್ರಮಗಳು

1. ಝೆರಾಕ್ಸ್ ಪ್ರತಿಯ ಮೇಲೆ ಅಡ್ಡ ಗೆರೆ ಎಳೆದು, ಯಾವ ಕೆಲಸಕ್ಕೆ, ಯಾರಿಗೆ, ಯಾವ ತಾರೀಖಿಗೆ ಕೊಟ್ಟದ್ದೆಂದು ಬರೆದು ಸಹಿ ಮಾಡಿರಿ. ಉದಾಹರಣೆಗೆ “ಕಬ್ಬು ನೋಂದಣಿಗೆ ಮಾತ್ರ” ಎಂದು ಬರೆಯಬಹುದು. ಬರೆವಣಿಗೆ ಅಕ್ಷರಗಳ ಮೇಲೆಯೇ ಹಾಯ್ದಿರಲಿ. ಅಂಚಿನಲ್ಲಿ ಬರೆದರೆ ಕತ್ತರಿಸಿ ಬಳಸಲು ಬರುತ್ತದೆ.

2. ಖಾಲಿ ಫಾರಮಿಗೆ, ಖಾಲಿ ಚೆಕ್ಕಿಗೆ ಸಹಿ ಮಾಡಬೇಡಿರಿ. ಅವಸರ ಮಾಡುವವರು ಎಷ್ಟೇ ಹತ್ತಿರದವರಾಗಿರಲಿ, ಓದಿಸಿ ಕೇಳಿದ ಮೇಲೆಯೇ ಸಹಿ ಮಾಡಿರಿ. ಸಾಲದ ಕಾಗದವಾದರೆ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿರಿ.

3. ಪೂರ್ಣ ಸಂಖ್ಯೆ ಬೇಡವಾದ ಕಡೆ ಕೊನೆಯ 4 ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಕೊಡಿರಿ. ಇದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಿಂದ ಪಡೆಯಬಹುದು.

4. ಬೆರಳಚ್ಚಿಗೆ ಬೀಗ ಹಾಕಿರಿ. ಆಧಾರ್ ಪ್ರಾಧಿಕಾರದ ಮೊಬೈಲ್ ಆ್ಯಪಿನಿಂದ ಈ ಕೆಲಸ ಮಾಡಬಹುದು. ಬೀಗ ಇದ್ದಾಗ ನಿಮ್ಮ ಬೆರಳಚ್ಚಿನಿಂದ ಯಾರೂ ಹಣ ತೆಗೆಯಲಾರರು. ರೇಷನ್ ತರುವಾಗ ಅಥವಾ ನೀವೇ ಹಣ ತೆಗೆಯುವಾಗ ತಾತ್ಕಾಲಿಕವಾಗಿ ಬೀಗ ತೆಗೆಯಬೇಕಾಗುತ್ತದೆ ಎಂಬುದು ನೆನಪಿರಲಿ. ಮಾಹಿತಿಗೆ 1947ಕ್ಕೆ ಕರೆ ಮಾಡಿರಿ.

5. ಹೊಲದ ಕೆಲಸದಿಂದ ಬೆರಳು ಸವೆದವರಿಗೆ ಯಂತ್ರವು ಒಮ್ಮೆಗೇ ಗುರುತು ಹಿಡಿಯುವುದಿಲ್ಲ. “ಇನ್ನೊಮ್ಮೆ ಒತ್ತಿ” ಎಂದಾಗಲೆಲ್ಲ ಯಂತ್ರದ ಪರದೆಯನ್ನು ನೋಡಿರಿ, ರಸೀದಿ ಕೇಳಿರಿ. ಒಂದು ಸಲ ಹಣ ಪಡೆದು ಎರಡು ಸಲ ಖಾತೆಯಿಂದ ಹೋಗಿರಬಾರದು.

6. ಒ.ಟಿ.ಪಿ.ಯನ್ನು ಯಾರಿಗೂ ಹೇಳಬೇಡಿರಿ. ಬ್ಯಾಂಕಿನವರು ಅದನ್ನು ಕೇಳುವುದಿಲ್ಲ.

7. ವರ್ಷಕ್ಕೆರಡು ಸಲ, ಮುಂಗಾರಿನ ಮೊದಲು ಮತ್ತು ಕಬ್ಬಿನ ಬಿಲ್ಲು ಬಂದ ಮೇಲೆ, ಪಹಣಿ ತೆಗೆಸಿ 11ನೆಯ ಕಾಲಂ ನೋಡಿರಿ. ಪಾಸ್ ಬುಕ್ಕನ್ನು ತಿಂಗಳಿಗೊಮ್ಮೆ ತುಂಬಿಸಿರಿ.

8. ನಿಮ್ಮ ಹೆಸರಿನಲ್ಲಿರುವ ಸಾಲಗಳ ಪಟ್ಟಿಯನ್ನು ಸಾಲ ಮಾಹಿತಿ ಕಂಪನಿಗಳಿಂದ ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯಬಹುದು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ 4 ಕಂಪನಿಗಳಿವೆ. ಕಾಲೇಜಿಗೆ ಹೋಗುವ ಮನೆಯ ಹುಡುಗರಿಂದ ಈ ಕೆಲಸ ಮಾಡಿಸಿಕೊಳ್ಳಬಹುದು.

9. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ತಾಣದಲ್ಲಿ ನೋಡಿ, ನಿಮ್ಮದಲ್ಲದ್ದನ್ನು ಅಲ್ಲಿಯೇ ವರದಿ ಮಾಡಬಹುದು.

ಕಳವಾದ ಮೇಲೆ ಮಾಡಬೇಕಾದದ್ದು

ಮೊದಲ ದಿನ: ಖಾತೆಯಿಂದ ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿರಿ. ಬೇಗ ತಿಳಿಸಿದರೆ ಹಣವು ಕಳ್ಳನ ಕೈ ಸೇರುವ ಮೊದಲೇ ತಡೆಹಿಡಿಯುವ ಸಾಧ್ಯತೆ ಇದೆ. ಅದೇ ದಿನ ಬ್ಯಾಂಕಿಗೆ ಹೋಗಿ ಖಾತೆಗೆ ತಡೆ ಹಾಕಿಸಿ, ಬರಹದಲ್ಲಿ ದೂರು ಕೊಟ್ಟು, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರು ದೂರಲ್ಲ.

ಮೂರು ದಿನದೊಳಗೆ: ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ನಡೆದ ವಿದ್ಯುನ್ಮಾನ ಮೋಸವನ್ನು, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನು ಏನೂ ಹೊರಬೇಕಾಗಿಲ್ಲ. 4ರಿಂದ 7 ದಿನಗಳಾದರೆ ಸಾಮಾನ್ಯ ಉಳಿತಾಯ ಖಾತೆಯವನ ಹೊಣೆ ಹೆಚ್ಚೆಂದರೆ 10,000 ರೂಪಾಯಿ. ಅದಕ್ಕೂ ತಡವಾದರೆ ಬ್ಯಾಂಕಿನ ಸ್ವಂತ ನಿಯಮ ಅನ್ವಯಿಸುತ್ತದೆ. ಗ್ರಾಹಕನೇ ಒ.ಟಿ.ಪಿ. ಹೇಳಿದ್ದರೆ, ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ನಂತರದ ನಷ್ಟ ಬ್ಯಾಂಕಿನದು. ಇದೇ ಬಗೆಯ ಸುತ್ತೋಲೆಯನ್ನು 2017ರ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಹೊರಡಿಸಲಾಯಿತು. ಸದ್ಯದ ನಿಯಮವನ್ನು ಶಾಖೆಯಲ್ಲಿ ಬರಹದಲ್ಲಿಯೇ ಕೇಳಿ ತಿಳಿಯಿರಿ.

ಪೊಲೀಸ್ ದೂರು: ಹತ್ತಿರದ ಠಾಣೆಯಲ್ಲಿ ಅಥವಾ ಜಿಲ್ಲೆಯ ಸಿ.ಇ.ಎನ್. ಠಾಣೆಯಲ್ಲಿ ದೂರು ಕೊಡಿರಿ. ಘಟನೆ ಬೇರೆ ಊರಿನದೆಂಬ ಕಾರಣಕ್ಕೆ ದೂರು ನಿರಾಕರಿಸುವಂತಿಲ್ಲ. ಎಫ್.ಐ.ಆರ್. ಪ್ರತಿ ಉಚಿತವಾಗಿ ಸಿಗುತ್ತದೆ. ಮುಂದಿನ ಎಲ್ಲ ಕಚೇರಿಗಳಲ್ಲಿ ಅದೇ ನಿಮ್ಮ ಆಧಾರ.

ಸುಳ್ಳು ಸಾಲವಿದ್ದರೆ: ಸಾಲ ಕೊಟ್ಟ ಸಂಸ್ಥೆಗೆ ಮತ್ತು ಸಾಲ ಮಾಹಿತಿ ಕಂಪನಿಗೆ ಬರಹದಲ್ಲಿ ತಕರಾರು ಸಲ್ಲಿಸಿ, ಸಾಲದ ಅರ್ಜಿ, ಸಹಿ, ಹಣ ಜಮೆಯಾದ ಖಾತೆಯ ವಿವರ ಕೇಳಿರಿ. 30 ದಿನಗಳೊಳಗೆ ತಕರಾರು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಅಕ್ಟೋಬರಿನಲ್ಲಿ ಆದೇಶಿಸಿತು. ವಾಣಿಜ್ಯ ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ, ಪ್ರಾಥಮಿಕ ಸಹಕಾರಿ ಸಂಘದ ವಿಷಯವಾದರೆ ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ದೂರಬಹುದು. ಬೆದರಿಕೆಗೆ ಅಂಜಿ “ಅರ್ಧ ತುಂಬಿ ಬಿಡುತ್ತೇನೆ” ಎಂದು ಒಪ್ಪಿಕೊಳ್ಳಬೇಡಿರಿ. ಒಂದು ಕಂತು ತುಂಬಿದರೂ ಸಾಲ ನಿಮ್ಮದೆಂದು ಒಪ್ಪಿದಂತೆ ವಾದ ಮಾಡಲು ಅವಕಾಶವಾಗುತ್ತದೆ.

ಕಾನೂನಿನ ನೆರವು: ವಕೀಲರ ಫೀ ಕೊಡಲಾಗದವರು ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ. ಸಹಾಯವಾಣಿ 15100.

ಒಂದು ದಫ್ತರು ಇಡಿರಿ: ಯಾವ ದಿನ ಯಾರನ್ನು ಕಂಡಿರಿ, ಏನು ಹೇಳಿದರು, ಎಷ್ಟು ಖರ್ಚಾಯಿತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿರಿ. ಪರಿಹಾರ ಕೇಳುವಾಗ ಇದು ಉಪಯೋಗಕ್ಕೆ ಬರುತ್ತದೆ. ಎಲ್ಲವನ್ನೂ ತಲೆಯಲ್ಲಿ ಹೊತ್ತು ತಿರುಗುವ ಭಾರವೂ ಕಡಿಮೆಯಾಗುತ್ತದೆ.

ಮನೆಯವರ ಮತ್ತು ಊರಿನವರ ಕರ್ತವ್ಯ

ಮೋಸ ಹೋದವರನ್ನು “ನೀನೇಕೆ ಸಹಿ ಮಾಡಿದೆ?” ಎಂದು ಜರೆಯುವುದು ಸುಲಭ. ಆದರೆ ಆ ಮಾತೇ ಮುಂದಿನವರ ಬಾಯಿ ಕಟ್ಟುತ್ತದೆ. ಬೈದರೆ ತಾಯಿ ಮುಂದಿನ ನೋಟೀಸನ್ನು ಅಡಗಿಸಿಡುತ್ತಾಳೆ, ತಂದೆ ಯಾರಿಗೂ ಹೇಳದೆ ಬಡ್ಡಿ ಸಾಲ ತಂದು ತುಂಬುತ್ತಾನೆ. ಮನೆಯ ಒಬ್ಬರು ಜೊತೆಗೆ ಕಚೇರಿಗೆ ಹೋಗುವುದು ಎಲ್ಲಕ್ಕಿಂತ ದೊಡ್ಡ ಸಹಾಯ. ಒಂದೇ ಊರಿನ ಹಲವರ ಹೆಸರು ಬಳಕೆಯಾಗಿದ್ದರೆ ಎಲ್ಲರೂ ಕೂಡಿ ಒಂದೇ ದಿನ ದೂರು ಕೊಡಬೇಕು. ಸಹಕಾರಿ ಸಂಘದ ವಾರ್ಷಿಕ ಸಭೆಯಲ್ಲಿ ಸಾಲಗಾರರ ಪಟ್ಟಿ ಓದಿಸಿ ಕೇಳುವುದೂ ಒಳ್ಳೆಯ ರೂಢಿ.

ನಿದ್ರೆ ಕೆಟ್ಟು, ಜೀವನ ಬೇಡವೆನ್ನುವ ಮಾತು ಯಾರಿಂದಲಾದರೂ ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅವರನ್ನು ಒಬ್ಬರೇ ಬಿಡದೆ, ಕೀಟನಾಶಕದ ಡಬ್ಬಿಗಳನ್ನು ಕೀಲಿ ಹಾಕಿ ಇಡಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಹೊಲದ ಬದುವನ್ನು ನಾವು ವರ್ಷಕ್ಕೊಮ್ಮೆಯಾದರೂ ಸುತ್ತಿ ನೋಡುತ್ತೇವೆ. ಹೆಸರಿಗೂ ಬದುವಿದೆ. ಪಹಣಿ, ಪಾಸ್ ಬುಕ್ಕು, ಸಾಲದ ಪಟ್ಟಿ ಈ ಮೂರನ್ನು ಸುತ್ತಿ ನೋಡುವ ಅಭ್ಯಾಸವನ್ನು ರೈತ ಬಾಂಧವರು ಈ ಹಂಗಾಮಿನಿಂದಲೇ ಆರಂಭಿಸಬೇಕು. ಬದು ಒಡೆದದ್ದು ಕಂಡರೆ ಅಂದೇ ಹತ್ತು ಜನರಿಗೆ ಕೇಳುವಂತೆ ಹೇಳಬೇಕು.